ನಿಮ್ಮ ಕತ್ತಿಗೆ ದೇವರು ಯಾರು ಸ್ವಾಮಿ?

“ಕತ್ತಿ ಇದೆ, ಗುರಾಣಿ ಇದೆ, ಬಿಳಿ ಕುದುರೆನೂ ಇದೆ. ಸರಿ, ನಿನ್ನ ದೇವರು ಯಾರು?”

ಗೆಳೆಯ ಹೀಗೆ ಕೇಳಿದಾಗ ನನಗೆ ನಗು ಬಂತು. ಯಾರಾದ್ರೇನಯ್ಯಾ, ಫೈಟು ಚೆನ್ನಾಗಿದ್ರೆ ಸಾಲದಾ ಅಂದೆ.

ವಿಷಯ ಇಷ್ಟು. 2023ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್: ಆನರ್ ಅಮಾಂಗ್ ಥೀವ್ಸ್’ ಅನ್ನೋ ಇಂಗ್ಲಿಷ್ ಚಿತ್ರ ಬಂತಲ್ಲ, ಅದರಲ್ಲಿ ರೆಗೆ-ಜಾನ್ ಪೇಜ್ ಮಾಡಿದ ಜೆಂಕ್ ಪಾತ್ರಕ್ಕೆ ನಾನು ಮರುಳಾಗಿದ್ದೆ. ಜೋಕು ಹೇಳಿದರೆ ಅರ್ಥವಾಗದ ಮಹಾನುಭಾವ! ನಡೆಯುವ ದಾರೀಲಿ ಬಂಡೆ ಎದುರಾದರೆ ಸುತ್ತಿ ಹೋಗೋದಿಲ್ಲ, ಹತ್ತಿ ಇಳಿದು ನೆಟ್ಟಗೆ ಹೋಗ್ತಾನೆ. ಇಂಥ ಧರ್ಮವೀರರಿಗೆ ಅಲ್ಲಿ ‘ಪ್ಯಾಲಡಿನ್’ ಅಂತ ಹೆಸರು. ಹಳೇ ಫ್ರೆಂಚ್ ಕಥೆಗಳಲ್ಲಿ ಷಾರ್ಲ್‌ಮೇನ್ ದೊರೆಯ ಹನ್ನೆರಡು ವೀರರಿಗಿದ್ದ ಹೆಸರೇ ಇದು.

ಆ ಚಿತ್ರದ ತಾಯಿಬೇರು ಒಂದು ಆಟ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದದ್ದು. ಒಬ್ಬ ಸೂತ್ರಧಾರ ಕಥೆ ಹೇಳ್ತಾನೆ, ಉಳಿದವರು ತಮ್ಮ ತಮ್ಮ ಪಾತ್ರ ಏನು ಮಾಡುತ್ತೆ ಅಂತ ಹೇಳಿ ದಾಳ ಉರುಳಿಸ್ತಾರೆ. 1975ರಲ್ಲಿ ಪ್ಯಾಲಡಿನ್ ಅದರೊಳಗೆ ಬಂದ. ಕೈಯಿಟ್ಟರೆ ಗಾಯ ಮಾಯುವ ಶಕ್ತಿ ಅವನಿಗಿತ್ತು, ದಾರಿ ತಪ್ಪಿದರೆ ಅದು ಹೋಗುತ್ತಿತ್ತು. 2014ರ ನಿಯಮದಲ್ಲಿ ದೇವರಿಗಿಂತ ಅವನು ತೊಟ್ಟ ಪ್ರತಿಜ್ಞೆಯೇ ಮುಖ್ಯವಾಯಿತು. ಆದರೆ ನಮ್ಮ ಸೂತ್ರಧಾರ ಹಳೇ ಕಾಲದವನು, ದೇವರಿಲ್ಲದೆ ಪಾತ್ರ ಕೊಡೋದಿಲ್ಲ.

ಕೊಟ್ಟ ದೇವರು ಇಲ್ಮೇಟರ್. ಎರಡೂ ಕೈ ಕಟ್ಟಿಸಿಕೊಂಡು ಪರರ ನೋವನ್ನು ತಾನು ಹೊರುವ ದೇವರು! ನಾನೋ, ‘ಮಯೂರ’ದ ಅಣ್ಣಾವ್ರ ಥರ ಕತ್ತಿ ಝಳಪಿಸೋ ಕನಸಿನಲ್ಲಿದ್ದೆ. ಎರಡನೇ ಭಾನುವಾರ ಒಬ್ಬ ಕಳ್ಳ ಸಿಕ್ಕಿದ, ಶರಣಾದ. ನಾನು ಒಂದೇ ಏಟಿಗೆ ಕಡಿದೆ. ಗೆಳೆಯ ದಾಳ ಕೆಳಗಿಟ್ಟ. “ಇದು ನಿನ್ನ ದೇವರು ಮಾಡೋ ಕೆಲಸವಾ?” ನಾನು ರೇಗಿ ಎದ್ದು ಬಂದೆ.

ಅದೇ ವಾರ ನಡೆದದ್ದನ್ನು ಬರೆಯಲು ನಾಚಿಕೆಯಾಗುತ್ತೆ. ನನ್ನ ಜೊತೆ ರೂಮಿನಲ್ಲಿದ್ದ ತಮ್ಮ ಪಿಯುಸಿ ಕ್ಲಾಸಿಗೆ ಚಕ್ಕರ್ ಹೊಡೆದು ಶೂಟಿಂಗ್ ನೋಡಲು ಅಲೆಯುತ್ತಿದ್ದಾನೆ ಅಂತ ಗೊತ್ತಾಯ್ತು. ಕೆನ್ನೆಗೆ ಬಾರಿಸಿ, ರಾತ್ರಿ ಬಸ್ಸಿಗೆ ಹತ್ತಿಸಿ ಊರಿಗೆ ಕಳಿಸಿದೆ. ಪಿಯುಸಿಯನ್ನು ಅರ್ಧಕ್ಕೇ ಬಿಟ್ಟು, ಸ್ಟುಡಿಯೋ ಗೇಟಿನ ಮುಂದೆ ಕಾದು ಕಾದು ಪತ್ರಕರ್ತನಾದವನು ಯಾರು ಹೇಳಿ? ನಾನೇ!

ಹತ್ತು ದಿನ ಬಿಟ್ಟು ಊರಿಗೆ ಹೋದೆ. ತಮ್ಮ ಮಾತಾಡಲಿಲ್ಲ. ಅಪ್ಪನೂ ಅದರ ಸುದ್ದಿ ಎತ್ತಲಿಲ್ಲ. ಅಪ್ಪ ಊರ ನಾಟಕದಲ್ಲಿ ಮೂರು ಸಲ ಬೇಡರ ಕಣ್ಣಪ್ಪನ ಪಾರ್ಟು ಮಾಡಿದವರು. 1954ರ ಚಿತ್ರದಲ್ಲಿ ಅಣ್ಣಾವ್ರು ನಾಯಕರಾದ ಪಾತ್ರ ಅನ್ನೋ ಹೆಮ್ಮೆ ಬೇರೆ. ಮಾತಿಗೆ ಮಾತು ಬರಲೆಂದು ಆಟದ ಕಥೆ ಹೇಳಿ, “ದೇವರು ಬೇರೆಯಾದ್ರೆ ಪಾರ್ಟೂ ಬೇರೆಯಾಗುತ್ತಾ ಅಪ್ಪಾ?” ಅಂದೆ.

ಅಪ್ಪ ಬೀಡಿ ಆರಿಸಿದರು. “ಲಿಂಗದ ಕಣ್ಣಲ್ಲಿ ರಕ್ತ ಬಂದಾಗ ಕಣ್ಣಪ್ಪ ಮೊದಲು ಬಿಲ್ಲೇ ಎತ್ತೋದು ಕಣೋ. ಹೊಡೆದೋನು ಯಾರು ಅಂತ ಹುಡುಕ್ತಾನೆ. ಯಾರೂ ಸಿಗಲ್ಲ. ಆಮೇಲೆ ಬಿಲ್ಲು ಕೆಳಗಿಡ್ತಾನಲ್ಲ, ಪಾರ್ಟು ಶುರುವಾಗೋದೇ ಅಲ್ಲಿಂದ.”

ನಾನು ತಮ್ಮನ ಕಡೆ ನೋಡಿದೆ. ಅವನು ಗೋಡೆ ಕಡೆ ನೋಡ್ತಿದ್ದ.

ವಾಪಸ್ ಬರುವಾಗ ಬಸ್ಸಿನಲ್ಲಿ ಇದೇ ಯೋಚನೆ. ಕಣ್ಣಪ್ಪನ ಶಿವ ಬೇಡನಿಗೆ ಬೇಟೆ ಬಿಡು ಅನ್ನಲಿಲ್ಲ. ಮಾಂಸದ ನೈವೇದ್ಯ, ಬಾಯಲ್ಲಿ ತಂದ ನೀರು, ಗುರುತಿಗೆ ಇಟ್ಟ ಕಾಲು ಎಲ್ಲಾ ಒಪ್ಪಿಕೊಂಡ. ಕನಕದಾಸರ ಕೇಶವನೋ ದಂಡನಾಯಕನ ಕೈಯಿಂದ ಕತ್ತಿಯನ್ನೇ ಬಿಡಿಸಿದ. 2022ರ ‘ಕಾಂತಾರ’ದ ಕೊನೆಯಲ್ಲಿ ಗುಳಿಗ ಮೈಮೇಲೆ ಬಂದಾಗಿನ ರಿಷಬ್ ಶೆಟ್ಟಿಯವರ ಉಗ್ರವನ್ನೂ, ಆಮೇಲೆ ಪಂಜುರ್ಲಿಯಾಗಿ ಕೈಗಳನ್ನು ಕೂಡಿಸುವಾಗಿನ ಮುಖವನ್ನೂ ನೆನಪಿಸಿಕೊಳ್ಳಿ. ದೈವ ಬದಲಾದರೆ ಉಸಿರೇ ಬದಲಾಗುತ್ತೆ! ಹಣೆಗೆ ಕುಂಕುಮ ಇಟ್ಟು, ದೇವಸ್ಥಾನದಲ್ಲಿ ಒಂದು ಹಾಡು ಹಾಕಿ, ಇಂಟರ್‌ವಲ್ ಆದಮೇಲೆ ಅದೇ ಫೈಟು ಕೊಡುವ ಕಥೆಗಾರರಿಗೆ ಇದನ್ನು ಯಾರು ಹೇಳಬೇಕು? ಅವರ ಹೀರೋನ ದೇವರನ್ನು ಬದಲಿಸಿ ನೋಡಿ, ಒಂದು ಡೈಲಾಗೂ ಬದಲಾಗಲ್ಲ.

ತಮ್ಮನನ್ನು ಕರಕೊಂಡೇ ಬಂದೆ. ಕ್ಷಮಿಸು ಅನ್ನೋಕೆ ಬಾಯಿ ಬರಲಿಲ್ಲ. ಮಧ್ಯಾಹ್ನದವರೆಗೆ ಕಾಲೇಜು, ಆಮೇಲೆ ಬೇಕಾದ್ರೆ ನನ್ನ ಜೊತೆ ಸ್ಟುಡಿಯೋಗೆ ಬಾ ಅಂದೆ. “ಹ್ಞೂಂ” ಅಂದ, ಅಷ್ಟೇ.

ಮುಂದಿನ ಭಾನುವಾರ ಅವನನ್ನೂ ಆಟಕ್ಕೆ ಕೂರಿಸಿದೆವು. ಈ ಸಲ ಗಾಯಗೊಂಡ ಕಳ್ಳ ಸಿಕ್ಕಿದ. ನಾನು ಕತ್ತಿ ಒರೆಗೆ ಹಾಕಿ ಅವನ ಗಾಯದ ಮೇಲೆ ಕೈಯಿಟ್ಟೆ, ನನ್ನ ಪಾಲಿನ ರೊಟ್ಟೀನೂ ಕೊಟ್ಟೆ. ಗೆಳೆಯ ಗಂಭೀರವಾಗಿ ತಲೆಯಾಡಿಸಿದ. ಬೆಳಗಾಗೋದರಲ್ಲಿ ಕಳ್ಳ ಪರಾರಿ, ನನ್ನ ಬಿಳಿ ಕುದುರೆ ಸಮೇತ! ಎರಡು ವಾರದಲ್ಲಿ ಮೊದಲ ಸಲ ತಮ್ಮ ಬಿದ್ದು ಬಿದ್ದು ನಕ್ಕ.