ಹೆಸರಿದೆ, ಹಾಡಿಲ್ಲ

ಮಕ್ಕಳು ಓದಿಗೆಂದೋ ಕೆಲಸಕ್ಕೆಂದೋ ಊರು ಬಿಟ್ಟ ಮೇಲೆ ಮನೆಯಲ್ಲಿ ಉಳಿಯುವ ಸಾಮಾನುಗಳದ್ದೇ ಒಂದು ಜಾತಿ. ಎಸೆಯಲು ಮನಸ್ಸು ಬಾರದು, ಇಟ್ಟುಕೊಂಡರೆ ಉಪಯೋಗವಿಲ್ಲ. ತಂತಿ ಹರಿದ ರ‍್ಯಾಕೆಟ್ಟು, ಒಂದು ಕಾಲಿನ ಕಂಪಾಸು, ಬೀಗ ಕಳೆದ ಪೆಟ್ಟಿಗೆ. ನಮ್ಮ ಮನೆಯ ಗೋಡೆ ಕಪಾಟಿನಲ್ಲಿ ಈ ಸಾಲಿಗೆ ಸೇರಿದ್ದು ಒಂದು ಪಿ.ಎಸ್.ಪಿ. ಸೋನಿ ಕಂಪನಿ 2004ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಮೊದಲು ಮಾರಾಟಕ್ಕಿಟ್ಟ, ಕೈಯಲ್ಲಿ ಹಿಡಿದು ಆಡುವ ಗೇಮಿನ ಯಂತ್ರ ಅದು. 2014ರಲ್ಲಿ ಅದರ ಪೂರೈಕೆಯೂ ನಿಂತುಹೋಯಿತು. ಅಂದರೆ ಈಗ ಕೆಟ್ಟರೆ ಕೇಳುವವರಿಲ್ಲ.

ಮಗ ಅದನ್ನು ಕಂಪನಿ ಕೊಟ್ಟ ಹಾಗೆಯೇ ಇರಲು ಬಿಟ್ಟವನಲ್ಲ. ಹವ್ಯಾಸಿಗಳು ಬರೆದ ಬೇರೊಂದು ತಂತ್ರಾಂಶವನ್ನು ಅದಕ್ಕೆ ಹತ್ತಿಸಿದ್ದ. ಕಸ್ಟಮ್ ಫರ್ಮ್‌ವೇರ್ ಎನ್ನುತ್ತಾರೆ, ಕಂಪನಿಯವರು ಒಪ್ಪುವ ಕೆಲಸವಲ್ಲ. ಅದಕ್ಕೆಂದೇ ಇದ್ದ ಮೆಮೊರಿ ಸ್ಟಿಕ್ಕಿಗೆ ಬೆಲೆ ಜಾಸ್ತಿಯೆಂದು ಒಂದು ಪುಟ್ಟ ಅಡಾಪ್ಟರ್ ತಂದು, ಅದರೊಳಗೆ ಮೊಬೈಲಿಗೆ ಹಾಕುವ ಉಗುರಿನಷ್ಟಗಲದ ಕಾರ್ಡು ಸಿಕ್ಕಿಸಿದ್ದ. ಕಾರ್ಡಿನ ಮೇಲೆ 32 ಜಿಬಿ ಎಂದು ಬರೆದಿತ್ತು.

ಈ ಯಂತ್ರದಲ್ಲಿ ನನಗೇನು ಆಸಕ್ತಿ ಎಂದು ನೀವು ಕೇಳಬಹುದು. ಅದರಲ್ಲಿ ನಮ್ಮ ಅತ್ತೆಯವರ ಹಾಡುಗಳಿದ್ದವು. ಮದುವೆಮನೆಯ ಹಾಡು ಎಂದರೆ ಅತ್ತೆಯವರೇ ಆಗಬೇಕಿತ್ತು. ಎಣ್ಣೆ ಹಚ್ಚುವುದಕ್ಕೊಂದು, ಹಸೆಗೆ ಕರೆಯುವುದಕ್ಕೊಂದು, ಆರತಿಗೊಂದು, ಹೆಣ್ಣೊಪ್ಪಿಸುವಾಗ ಇನ್ನೊಂದು. 2013ರಲ್ಲಿ ಅವರು ಸೊಂಟ ಮುರಿದುಕೊಂಡು ಮಲಗಿದಾಗ ಮೊಮ್ಮಗ ಮೊಬೈಲಿನಲ್ಲಿ ಹಿಡಿದ ಹಾಡುಗಳು ಒಟ್ಟು ನಲವತ್ತೊಂದು. ಅದನ್ನೆಲ್ಲ ಎಂಪಿ3 ಮಾಡಿ ಗೇಮಿನ ಯಂತ್ರಕ್ಕೆ ತುಂಬಿಸಿ ಅಜ್ಜಿಯ ಕಿವಿಗೆ ಇಯರ್‌ಫೋನ್ ಸಿಕ್ಕಿಸಿದ. ತಮ್ಮ ಹಾಡನ್ನು ತಾವೇ ಕೇಳುತ್ತ, "ಇಲ್ಲಿ ಉಸಿರು ಸಾಲಲಿಲ್ಲ" ಎಂದು ತಾವೇ ತಪ್ಪು ಹುಡುಕುತ್ತ ಮಲಗಿರುತ್ತಿದ್ದರು. ಕೇಳುತ್ತಿದ್ದುದು ಮಾತ್ರ ಮೊದಲ ಹತ್ತೋ ಹನ್ನೆರಡೋ. ಅಷ್ಟರಲ್ಲಿ ನಿದ್ದೆ ಬರುತ್ತಿತ್ತು. 2015ರಲ್ಲಿ ಅವರು ಹೋದರು, ಯಂತ್ರ ಕಪಾಟು ಸೇರಿತು. ಹಾಡು ಹಿಡಿದ ಮೊಬೈಲು ಅದಕ್ಕೂ ಮುಂಚೆಯೇ ಕೆಟ್ಟಿತ್ತು.

2023ರಲ್ಲಿ ನಾದಿನಿಯ ಮಗಳ ಮದುವೆ ಗೊತ್ತಾಯಿತು. "ಅತ್ತಿಗೆ, ಅಮ್ಮನ ಹಾಡು ಆ ಗೇಮಿನ ಪೆಟ್ಟಿಗೆಯಲ್ಲಿ ಇದೆಯಲ್ಲ, ಅದನ್ನೇ ಹಾಕೋಣ" ಎಂದಳು. ಮಗ ಪುಣೆಯಲ್ಲಿ. ದುರಸ್ತಿ ನನ್ನ ಪಾಲಿಗೆ ಬಂತು. ಅವನು ರಾತ್ರಿ ಫೋನಿನಲ್ಲಿ ಹೇಳುವುದು, ನಾನು ಇಲ್ಲಿ ಮಾಡುವುದು.

ಮೊದಲು ಕಣ್ಣಿಗೆ ಬಿದ್ದದ್ದು ಬ್ಯಾಟರಿ. ನೆಂದ ಹಲಸಿನ ಬೀಜದ ಹಾಗೆ ಉಬ್ಬಿ ಹಿಂದಿನ ಮುಚ್ಚಳವನ್ನೇ ಎತ್ತಿತ್ತು. ಉಬ್ಬಿದ ಬ್ಯಾಟರಿಯನ್ನು ಚುಚ್ಚಬಾರದು, ಒತ್ತಬಾರದು, ಚಾರ್ಜಿಗೆ ಹಾಕಲೇಬಾರದು. ತೆಗೆದು ದೂರ ಇಟ್ಟೆ. ಪುಣ್ಯಕ್ಕೆ ಈ ಯಂತ್ರ ಬ್ಯಾಟರಿ ಇಲ್ಲದೆ ಬರೀ ಚಾರ್ಜರಿನ ಮೇಲೂ ಓಡುತ್ತದೆ. ದೀಪ ಹತ್ತಿತು. ಆದರೆ ಮಗ ತುಂಬಿದ್ದ ಗೇಮುಗಳೇ ಪಟ್ಟಿಯಲ್ಲಿಲ್ಲ. ಉಳಿದ ಒಂದೆರಡರ ಹೆಸರಿನ ಜಾಗದಲ್ಲಿ ಡೇಟಾ ಕೆಟ್ಟಿದೆ ಎಂಬ ಸೂಚನೆ. ಎದೆ ಧಸಕ್ಕೆಂದಿತು.

ಮಗ ನಕ್ಕ. "ಅಮ್ಮಾ, ಅದು ಕಾರ್ಡಿನ ದೋಷ ಅಲ್ಲ." ಯಂತ್ರದ ಜ್ಞಾಪಕ ಎಂದು ನಾವು ಒಂದೇ ಹೆಸರಿನಲ್ಲಿ ಕರೆಯುವುದು ಮೂರು ಬೇರೆ ಬೇರೆ ಜಾಗಗಳಂತೆ. ಕಂಪನಿಯ ಮೂಲ ತಂತ್ರಾಂಶ ಒಳಗಿನ ಒಂದು ಚಿಪ್ಪಿನಲ್ಲಿ ಕಾಯಂ ಕೂತಿರುತ್ತದೆ. ಆಡುವಾಗ ಬಳಸುವ ಕೆಲಸದ ಜಾಗ ಬೇರೆ. ಮಗನದು 3000 ಎಂಬ ಮಾದರಿ, ಅದರಲ್ಲಿ ಈ ಜಾಗ 64 ಎಂಬಿ. ಕರೆಂಟು ಹೋದರೆ ಪೂರ್ತಿ ಖಾಲಿ. ಮೂರನೆಯದು ಕಾರ್ಡು. ಅವನು ಹತ್ತಿಸಿದ ಕಸ್ಟಮ್ ತಂತ್ರಾಂಶ ಕೂತಿದ್ದದ್ದು ಆ ಎರಡನೆಯ ಜಾಗದಲ್ಲಿ. ಬರೀ ನಿದ್ದೆ ಮಾಡಿಸಿದರೆ ಉಳಿಯುತ್ತದೆ, ಪೂರ್ತಿ ಆರಿಸಿದರೆ ಅಳಿಯುತ್ತದೆ. ಕಾರ್ಡಿನಲ್ಲೇ ಇರುವ ಒಂದು ಸಣ್ಣ ಪ್ರೋಗ್ರಾಮನ್ನು ಮತ್ತೆ ಓಡಿಸಬೇಕು, ಅಷ್ಟೆ. ಓಡಿಸಿದೆ. ಗೇಮುಗಳು ಸಾಲಾಗಿ ಬಂದು ನಿಂತವು. ಇಷ್ಟಕ್ಕೇ ಕಾರ್ಡು ಕೆಟ್ಟಿತೆಂದು ಫಾರ್ಮ್ಯಾಟ್ ಮಾಡಿ, ಇದ್ದದ್ದನ್ನೂ ಕಳೆದುಕೊಳ್ಳುವವರಿದ್ದಾರಂತೆ.

ಹಾಡಿನ ಪಟ್ಟಿಯಲ್ಲಿ ನಲವತ್ತೊಂದು ಹೆಸರೂ ಇದ್ದವು. ಹದಿನೇಳು ಹಾಡು ಚೊಕ್ಕವಾಗಿ ಬಂದವು. ಹದಿನೆಂಟನೆಯದು ಒತ್ತಿದರೆ ಮೌನ. ಹತ್ತೊಂಬತ್ತನೆಯದೂ ಹಾಗೆಯೇ. ಹೆಸರಿದೆ, ಹಾಡಿಲ್ಲ.

ಆ ರಾತ್ರಿ ಮಗ ಒಂದೇ ಮಾತನ್ನು ಹತ್ತು ಸಲ ಹೇಳಿದ: ಈ ಕಾರ್ಡಿನ ಮೇಲೆ ಇನ್ನು ಒಂದಕ್ಷರವನ್ನೂ ಬರೆಯಬಾರದು. ಕಾರ್ಡನ್ನು ಅಡಾಪ್ಟರಿನಿಂದ ಬಿಡಿಸಿ, ಒಣ ಬಟ್ಟೆಯಲ್ಲಿ ಒರೆಸಿ, ನೇರವಾಗಿ ಕಂಪ್ಯೂಟರಿಗೆ ಹಾಕಿದೆ. ಅಡಾಪ್ಟರಿನ ಹಲ್ಲುಗಳು ಸಡಿಲವಾದರೂ ಹೀಗಾಗುವುದುಂಟು. ಇಲ್ಲಿ ಅದಲ್ಲ, ಕಂಪ್ಯೂಟರಿನಲ್ಲೂ ಅದೇ ಹದಿನೇಳು. ಬಂದಷ್ಟನ್ನು ಮೊದಲು ಕಂಪ್ಯೂಟರಿಗೆ ಇಳಿಸಿದೆ. ಆಮೇಲೆ ಫೋಟೊರೆಕ್ ಎಂಬ ಧರ್ಮಾರ್ಥದ ಪ್ರೋಗ್ರಾಮು. ಹೆಸರು ಫೋಟೊ ಎಂದಿದ್ದರೂ ಹಾಡನ್ನೂ ಹುಡುಕುತ್ತದೆ. ಅಳಿಸಿದ ಫೈಲು ಕೂಡಲೇ ಹೋಗುವುದಿಲ್ಲ, ಪಟ್ಟಿಯಿಂದ ಹೆಸರು ಮಾತ್ರ ಹೋಗುತ್ತದೆ. ಆ ಜಾಗಕ್ಕೆ ಬೇರೆಯವರು ಬಂದು ಕೂರುವವರೆಗೆ ಅದು ಅಲ್ಲೇ ಇರುತ್ತದೆ. ಮಗ ಒಮ್ಮೆ ಹಾಕಿ ಅಳಿಸಿ ಮತ್ತೆ ಹಾಕಿದ್ದ ಮೂರು ಹಾಡುಗಳ ಹಳೆಯ ಪ್ರತಿ ಹೀಗೆ ಸಿಕ್ಕವು. ಫೋಟೊರೆಕ್ ಹೆಸರು ಉಳಿಸುವುದಿಲ್ಲ, ಬರೀ ನಂಬರು ಕೊಡುತ್ತದೆ. ನಾದಿನಿ ಫೋನಿನಲ್ಲಿ ಕೇಳಿ ಒಂದೊಂದಕ್ಕೂ ಹೆಸರು ಹೇಳಿದಳು. ಮೂರನೆಯದರ ನಡುವೆ ಅವಳ ದನಿ ಬರಲಿಲ್ಲ, ನಾನೂ ಕೇಳಲಿಲ್ಲ.

ಇಷ್ಟಾದ ಮೇಲೆ ಕಾರ್ಡಿನ ಪರೀಕ್ಷೆ. ಜರ್ಮನಿಯ ಒಂದು ಕಂಪ್ಯೂಟರ್ ಪತ್ರಿಕೆಯವರು ಇದಕ್ಕೆಂದೇ ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಪ್ರೋಗ್ರಾಮು ಮಾಡಿದ್ದಾರೆ. ಕಾರ್ಡಿನ ತುಂಬ ಏನೋ ಬರೆದು, ಬರೆದದ್ದು ಹಾಗೇ ಇದೆಯೇ ಎಂದು ತಿರುಗಿ ಓದುತ್ತದೆ. ಇರುವ ಖಾಲಿ ಜಾಗವನ್ನೆಲ್ಲ ಬಳಸಿಬಿಡುವುದರಿಂದ ಕೊನೆಗೇ ಮಾಡಬೇಕು. ನಾನು ಕಾರ್ಡು ಪೂರ್ತಿ ಖಾಲಿ ಮಾಡಿ ಶುರು ಹಚ್ಚಿದೆ. ದೋಸೆಗೆ ರುಬ್ಬಿ, ಊಟ ಮುಗಿಸಿ, ಪಾತ್ರೆ ತೊಳೆದು ಬಂದರೂ ಮುಗಿದಿರಲಿಲ್ಲ. ಕೊನೆಗೆ ಲೆಕ್ಕ ಬಂತು: ಒಳ್ಳೆಯದಾಗಿರುವುದು 7 ಜಿಬಿ ಚಿಲ್ಲರೆ, ಉಳಿದದ್ದೆಲ್ಲ ಬೊಗಳೆ.

8 ಜಿಬಿಯ ಕಾರ್ಡಿಗೆ 32ರ ಚೀಟಿ! ಇಲ್ಲಿ ಒಂದು ಮಾತು. ಸಾಚಾ 32 ಜಿಬಿ ಕಾರ್ಡನ್ನೂ ಕಂಪ್ಯೂಟರು 29.8 ಎಂದೇ ತೋರಿಸುತ್ತದೆ; ತಯಾರಕರು ಸಾವಿರದಲ್ಲಿ ಎಣಿಸಿದರೆ ಅದು 1024ರಲ್ಲಿ ಎಣಿಸುತ್ತದೆ. ಅದು ಮೋಸವಲ್ಲ. ಇದು ಮೋಸ. ಕಾರ್ಡಿನೊಳಗೆ ಲೆಕ್ಕ ನೋಡಿಕೊಳ್ಳುವ ಒಂದು ಚಿಪ್ಪು ಇರುತ್ತದೆ, ಅದಕ್ಕೇ ಸುಳ್ಳು ಹೇಳಲು ಕಲಿಸಿರುತ್ತಾರೆ. ಕೇಳಿದರೆ 32 ಎನ್ನುತ್ತದೆ, ಎಷ್ಟು ಕೊಟ್ಟರೂ ತೆಗೆದುಕೊಂಡೆ ಎನ್ನುತ್ತದೆ. ನಿಜವಾದ ಜಾಗ ತುಂಬಿದ ಮೇಲೆ ಬಂದದ್ದು ಹಳೆಯದರ ಮೇಲೆ ಬೀಳುತ್ತದೆ, ಇಲ್ಲವೇ ಎಲ್ಲೂ ಬೀಳುವುದಿಲ್ಲ. ಫೈಲುಗಳ ಪಟ್ಟಿ ಇರುವುದು ಕಾರ್ಡಿನ ಆರಂಭದಲ್ಲಿ, ನಿಜವಾದ ಜಾಗದಲ್ಲಿ. ಅದಕ್ಕೇ ಹೆಸರುಗಳು ಕೆಡಲಿಲ್ಲ. ಮೊದಲ ಹಾಡುಗಳು ಹೋದಾಗ ಕಾರ್ಡಿನಲ್ಲಿ ಜಾಗವಿತ್ತು. ಆಮೇಲೆ ಗೇಮುಗಳು ತುಂಬಿದವು. ಅತ್ತೆ ಉಸಿರು ಕಟ್ಟಿ ಹಾಡಿದ ಕೊನೆಯ ದಿನಗಳ ಹಾಡುಗಳು ಇಲ್ಲದ ಜಾಗಕ್ಕೆ ಹೋಗಿದ್ದವು. ಮಾರಿದ ಅಂಗಡಿ ಎಂದೋ ಮುಚ್ಚಿದೆ. ಅವರಿಗಾದರೂ ಗೊತ್ತಿತ್ತೋ ಇಲ್ಲವೋ.

ಹೋದದ್ದು ಇಪ್ಪತ್ತೊಂದು. ಆದರೆ ಯಾವ ಇಪ್ಪತ್ತೊಂದು ಎಂದು ಗೊತ್ತಿತ್ತಲ್ಲ, ಪಟ್ಟಿಯನ್ನು ಹಳೆಯ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಅತ್ತೆಯ ಜೊತೆ ದನಿಗೂಡಿಸುತ್ತಿದ್ದ ಇಬ್ಬರು ಹಿರಿಯರು ನಮ್ಮ ಕೇರಿಯಲ್ಲಿದ್ದಾರೆ. ಮದುವೆಗೆ ಮುಂಚೆ ನಾಲ್ಕು ಮಧ್ಯಾಹ್ನ ಅವರನ್ನು ಕೂರಿಸಿಕೊಂಡು ಹೆಸರು ಓದುತ್ತ ಹೋದೆ. "ಅದಾ? ಅದರ ಎರಡನೇ ನುಡಿ ನಿಮ್ಮತ್ತೆ ತಪ್ಪೇ ಹೇಳ್ತಿದ್ರು" ಎಂದು ಶುರುಮಾಡಿ ಹನ್ನೆರಡು ಹಾಡು ಹಾಡಿದರು. ಈ ಸಲ ಹಿಡಿದ ಕೂಡಲೇ ಮೂರು ಕಡೆ ಇಳಿಸಿ, ಪ್ರತಿಯೊಂದನ್ನೂ ಕೊನೆಯವರೆಗೆ ಕೇಳಿ ನೋಡಿದೆ. ಹೆಣ್ಣೊಪ್ಪಿಸುವಾಗ ಹಾಕಿದ್ದು ಮಾತ್ರ ಅತ್ತೆಯದೇ ದನಿ, ಆ ನಂಬರಿನ ಮೂರರಲ್ಲಿ ಒಂದು.

ಇನ್ನು ಒಂಬತ್ತು ಬಾಕಿ. ಅದರಲ್ಲಿ ಎರಡು ಹೊಸನಗರದ ಕಡೆಯ ಒಬ್ಬ ಅಜ್ಜಿಗೆ ಬರುತ್ತವಂತೆ. ಮಳೆ ಹಿಡಿಯುವುದರೊಳಗೆ ಒಂದು ಸಲ ಹೋಗಿಬರಬೇಕು.