ಎಲುಬಿನ ಓದು

ಮಾನವಶಾಸ್ತ್ರ ಎಂದರೆ ಕಾಡಿನ ಹಾಡಿಗಳಿಗೆ ಹೋಗಿ ಅಲ್ಲಿಯ ಜನರ ಮದುವೆ, ಹಬ್ಬ, ಕುಲಪದ್ಧತಿಗಳನ್ನು ಬರೆದುಕೊಂಡು ಬರುವ ಶಾಸ್ತ್ರ ಎಂಬ ಕಲ್ಪನೆ ಅನೇಕರಲ್ಲಿದೆ. ಅದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಅದರ ಇನ್ನೊಂದು ದೊಡ್ಡ ಭಾಗ ಮನುಷ್ಯನ ದೇಹಕ್ಕೆ ಸೇರಿದ್ದು. ಆ ಭಾಗ ಓದುವವರು ಮೂಳೆ, ಕೀಲು, ಸ್ನಾಯುಗಳನ್ನು ಕಲಿಯದೆ ಮುಂದೆ ಹೋಗುವಂತಿಲ್ಲ.

ಮೈಸೂರಿನಲ್ಲಿ ಮಾನವಶಾಸ್ತ್ರಕ್ಕೆ ಸೇರಿದ ಮಂಡ್ಯ ಕಡೆಯ ಹುಡುಗಿಯೊಬ್ಬಳಿಗೆ ಇದು ಗೊತ್ತಾದದ್ದು ಸೇರಿದ ಮೇಲೆಯೇ. ವೈದ್ಯಕೀಯ ಸೀಟು ತಪ್ಪಿ, ಬಿ.ಎಸ್ಸಿ. ಮುಗಿಸಿ, ತಾನೇ ಆರಿಸಿಕೊಂಡ ವಿಷಯ ಅದು. ಡಾಕ್ಟರಾಗಬೇಕಿದ್ದ ಮಗಳು ಮೂಳೆ ಎಣಿಸಲು ಹೋದಳೆಂದು ತಂದೆಗೆ ಒಳಗೇ ಕೊರಗು. ಅಜ್ಜಿಯ ಚಿಂತೆ ಬೇರೆ. ರಜೆಗೆ ಬಂದ ಮೊಮ್ಮಗಳನ್ನು ಬಾಗಿಲಲ್ಲೇ ತಡೆದು, "ಆ ಕೈನಲ್ಲಿ ಒಲೆ ಮುಟ್ಬ್ಯಾಡ ಕಣವ್ವ, ಮೊದ್ಲು ತಲೆಗೆ ನೀರು ಹಾಕ್ಕೊಂಡು ಬಾ" ಎಂದಳು. ಹುಡುಗಿ ಮರುಮಾತಾಡದೆ ಬಚ್ಚಲಿಗೆ ಹೋದಳು. ಈ ವಿಷಯದಲ್ಲಿ ಹಿರಿಯರೊಡನೆ ವಾದ ಮಾಡಿ ಗೆದ್ದವರು ಕಡಿಮೆ.

ವೈದ್ಯಕೀಯ ವಿದ್ಯಾರ್ಥಿಗೂ ಇವಳಿಗೂ ಪಾಠದಲ್ಲೇ ಒಂದು ವ್ಯತ್ಯಾಸವಿದೆ. ಅಲ್ಲಿ ಶವವನ್ನು ಚರ್ಮದಿಂದ ಆರಂಭಿಸಿ ಪದರಪದರವಾಗಿ ಬಿಡಿಸುತ್ತಾರೆ. ಸ್ನಾಯು ಕಣ್ಣೆದುರಿಗೇ ಇರುತ್ತದೆ, ಮೂಳೆ ಕೊನೆಯಲ್ಲಿ ಸಿಗುತ್ತದೆ. ಮಾನವಶಾಸ್ತ್ರದವರ ಕೈಗೆ ಸಾಮಾನ್ಯವಾಗಿ ಬರುವುದು ಒಣ ಮೂಳೆ ಮಾತ್ರ, ಅದೂ ಕೆಲವೊಮ್ಮೆ ಮುರಿದ ಚೂರು. ಕೊಳೆತುಹೋದ ಸ್ನಾಯುವನ್ನು ಆ ಮೂಳೆಯ ಮೇಲಿನ ಗುರುತುಗಳಿಂದಲೇ ಊಹಿಸಿಕೊಳ್ಳಬೇಕು. ತೊಡೆಮೂಳೆಯ ಹಿಂಬದಿಯಲ್ಲಿ ಉದ್ದಕ್ಕೂ ಒಂದು ಒರಟು ಏಣು ಓಡುತ್ತದೆ. ತೊಡೆಯ ದೊಡ್ಡ ಸ್ನಾಯುಗಳು ಹಿಡಿದುಕೊಳ್ಳುವ ಜಾಗ ಅದು. ಏಣು ಹಿಂದಕ್ಕೆ ಬರುವಂತೆ ಹಿಡಿದು, ಮೇಲಿನ ಗುಂಡು ತಲೆ ಯಾವ ಕಡೆಗೆ ತಿರುಗಿದೆ ಎಂದು ನೋಡಿದರೆ ಎಡಗಾಲೋ ಬಲಗಾಲೋ ತಿಳಿಯುತ್ತದೆ. ಪರೀಕ್ಷೆಯಲ್ಲಿ ಕೇಳುವುದೂ ಇದನ್ನೇ: ಯಾವ ಮೂಳೆ, ಯಾವ ಬದಿ, ಹೇಗೆ ಗೊತ್ತಾಯಿತು?

ಬೆಳೆದವರಲ್ಲಿ ಮೂಳೆಗಳು 206. ಅವುಗಳಲ್ಲಿ ಎರಡು ಕೈ, ಎರಡು ಪಾದಗಳಲ್ಲೇ 106 ಇವೆ. ಸ್ನಾಯುಗಳು ಆರುನೂರಕ್ಕೂ ಹೆಚ್ಚು. ಲ್ಯಾಟಿನ್ ಗ್ರೀಕ್ ಹೆಸರುಗಳ ಈ ರಾಶಿ ಕನ್ನಡ ಮಾಧ್ಯಮದಿಂದ ಬಂದ ಹುಡುಗಿಗೆ ಮೊದಲ ತಿಂಗಳು ಅಳು ತರಿಸಿತು. ಗಿಳಿಪಾಠ ಮಾಡಿದ್ದು ಮಾರನೆಯ ದಿನಕ್ಕೆ ಉಳಿಯುತ್ತಿರಲಿಲ್ಲ. ಆಮೇಲೆ ಅವಳು ಗ್ರಂಥಾಲಯದ ಹಳೆಯ ನಿಘಂಟನ್ನು ಮುಂದಿಟ್ಟುಕೊಂಡು ಪ್ರತಿ ಹೆಸರಿನ ಮೂಲಾರ್ಥ ಬರೆದುಕೊಳ್ಳತೊಡಗಿದಳು. ಮಂಡಿಚಿಪ್ಪಿನ ಪಟೆಲ್ಲಾ ಎಂದರೆ ಪುಟ್ಟ ತಟ್ಟೆ. ಕೊರಳಿನ ಕೆಳಗಿನ ಕ್ಲಾವಿಕಲ್ ಎಂದರೆ ಚಿಕ್ಕ ಬೀಗದಕೈ. ಮಣಿಕಟ್ಟಿನ ಎಂಟು ಮೂಳೆಗಳಲ್ಲಿ ಒಂದು ದೋಣಿ, ಒಂದು ಚಂದ್ರ, ಒಂದು ಬಟಾಣಿ. ಬೆನ್ನೆಲುಬಿನ ತುದಿಯ ಕಾಕ್ಸಿಕ್ಸ್ ಕೋಗಿಲೆಯ ಕೊಕ್ಕು. ಕಾಲಿನ ಹಿಂಭಾಗದ ಸೋಲಿಯಸ್ ಸ್ನಾಯುವಿಗೆ ಆ ಹೆಸರು ಬಂದದ್ದು ಚಪ್ಪಲಿಯಂತೆ ಚಪ್ಪಟೆಯಾದ ಒಂದು ಮೀನಿನಿಂದ ಎಂದು ಓದಿದಾಗ ಅವಳಿಗೆ ನಗು ಬಂತು. ಅಜ್ಜಿ ಸಂಜೆ ಎಣ್ಣೆ ಹಚ್ಚಿಸಿಕೊಳ್ಳುವ ಆ ಜಾಗಕ್ಕೆ ಕನ್ನಡದ ಹೆಸರು ಮೀನಖಂಡವಲ್ಲವೆ! ಹೆಸರಿಟ್ಟವರೂ ಎಲ್ಲರಂತೆ ಅಡಿಗೆಮನೆ, ಹೊಳೆದಂಡೆಯ ವಸ್ತುಗಳನ್ನೇ ನೋಡಿ ಹೆಸರಿಟ್ಟವರು ಎಂದು ತಿಳಿದ ಮೇಲೆ ಅರ್ಧ ಭಯ ಹೋಗುತ್ತದೆ. ಶಾಲೆಗಳಲ್ಲಿ ಈ ರೀತಿ ಕಲಿಸುವುದು ಅಪರೂಪ. ಸಮಯವಿಲ್ಲ ಎಂಬುದೊಂದು ಸಬೂಬು.

ಉಳಿದರ್ಧ ಭಯ ಹೋಗುವುದು ಸ್ವಂತ ದೇಹದ ಮೇಲೆ ಕಲಿತಾಗ. ಓದುಗರು ಈಗಲೇ ಎದ್ದು ಬಲಗಾಲ ಮೇಲೆ ಒಂಟಿಯಾಗಿ ನಿಂತು, ಬಲಗೈಯನ್ನು ಸೊಂಟದ ಪಕ್ಕೆಯ ಕೆಳಗೆ ಒತ್ತಿ ನೋಡಬಹುದು. ಅಲ್ಲಿ ಒಂದು ಸ್ನಾಯು ಬಿಗಿಯಾಗುತ್ತದೆ. ಹೆಸರು ಗ್ಲೂಟಿಯಸ್ ಮೀಡಿಯಸ್. ಎಡಗಾಲು ನೆಲ ಬಿಟ್ಟಾಗ ಸೊಂಟ ಆ ಕಡೆಗೆ ಕುಸಿಯದಂತೆ ಎಳೆದು ಹಿಡಿಯುವುದು ಅದರ ಕೆಲಸ. ನಡೆಯುವಾಗ ಪ್ರತಿ ಹೆಜ್ಜೆಗೂ ಮನುಷ್ಯ ಒಂದು ಗಳಿಗೆ ಒಂಟಿಕಾಲಲ್ಲೇ ಇರುತ್ತಾನೆ. ಚಿಂಪಾಂಜಿಯ ಸೊಂಟದ ಮೂಳೆ ಉದ್ದವಾಗಿ, ಬೆನ್ನಿನ ಕಡೆಗೆ ಚಪ್ಪಟೆಯಾಗಿರುತ್ತದೆ. ಆದ್ದರಿಂದ ಅದೇ ಸ್ನಾಯು ಅಲ್ಲಿ ಪಕ್ಕದಿಂದ ಹಿಡಿಯಲಾರದು. ಚಿಂಪಾಂಜಿ ಎರಡು ಕಾಲಲ್ಲಿ ನಡೆದರೆ ಅತ್ತ ಇತ್ತ ತೊನೆದಾಡುತ್ತದೆ. ಮನುಷ್ಯನ ಸೊಂಟದ ಮೂಳೆ ಗಿಡ್ಡವಾಗಿ, ಬೋಗುಣಿಯಂತೆ ಪಕ್ಕಕ್ಕೆ ಬಾಗಿದೆ. 1974ರಲ್ಲಿ ಇಥಿಯೋಪಿಯದ ಹದರ್ ಎಂಬಲ್ಲಿ ಸಿಕ್ಕ ಸುಮಾರು 32 ಲಕ್ಷ ವರ್ಷ ಹಿಂದಿನ 'ಲೂಸಿ'ಯ ಸೊಂಟವೂ ಗಿಡ್ಡ, ಅಗಲ. ಅವಳ ಮಿದುಳು ಚಿಕ್ಕದು, ಆದರೂ ಎರಡು ಕಾಲಲ್ಲಿ ನಡೆದಳು ಎಂದು ಧೈರ್ಯವಾಗಿ ಹೇಳಲು ಸಾಧ್ಯವಾದದ್ದು ಸೊಂಟ, ಮಂಡಿಗಳ ಆಕಾರದಿಂದ.

ಮೂಳೆಗಳಿಂದ ಮನುಷ್ಯರ ದುಡಿಮೆಯೂ ಸ್ವಲ್ಪಮಟ್ಟಿಗೆ ತಿಳಿಯುತ್ತದೆ. ಸಿರಿಯಾ ದೇಶದಲ್ಲಿ ಯೂಫ್ರಟೀಸ್ ನದಿಯ ದಂಡೆಯ ಅಬು ಹುರೇರಾ ಎಂಬ ಪ್ರಾಚೀನ ಹಳ್ಳಿಯನ್ನು ಅಣೆಕಟ್ಟಿನ ನೀರಿನಲ್ಲಿ ಮುಳುಗುವ ಮುನ್ನ 1972 ಮತ್ತು 1973ರಲ್ಲಿ ಅಗೆದರು. ಅಲ್ಲಿಯ ಅಸ್ಥಿಗಳನ್ನು ಪರೀಕ್ಷಿಸಿದ ಲಂಡನ್ನಿನ ಥೇಯಾ ಮಾಲಿಸನ್, ಕಾಲಿನ ಹೆಬ್ಬೆರಳಿನ ಕೀಲು, ಮಂಡಿ, ಬೆನ್ನಿನ ಕೆಳಭಾಗಗಳಲ್ಲಿ ಸವೆತ ಕಂಡರು. ಅದು ಹೆಚ್ಚಾಗಿ ಹೆಂಗಸರಲ್ಲಿತ್ತು. ಮಂಡಿಯೂರಿ, ಕಾಲ್ಬೆರಳು ಮಡಿಸಿ, ಚಪ್ಪಟೆ ಕಲ್ಲಿನ ಮೇಲೆ ದಿನವೂ ಗಂಟೆಗಟ್ಟಲೆ ಧಾನ್ಯ ಅರೆದದ್ದೇ ಕಾರಣ ಎಂಬುದು 1994ರಲ್ಲಿ ಅವರು ಬರೆದ ಲೇಖನದ ತೀರ್ಮಾನ. ಹುಡುಗಿ ಇದನ್ನು ಊರಿಗೆ ಹೋದಾಗ ಹೇಳಿದಳು. ಅಜ್ಜಿ ಕುಕ್ಕರಗಾಲಲ್ಲಿ ಕೂತು ಕೇಳಿ, ಆ ಹೆಂಗಸರಿಗೆ ಮಕ್ಕಳೆಷ್ಟು ಎಂದು ವಿಚಾರಿಸಿದಳು. ಮೂಳೆಯಲ್ಲಿ ಅದು ತಿಳಿಯುವುದಿಲ್ಲ ಎಂದಾಗ, "ಮತ್ತಿನ್ನೇನು ತಿಳಿದಂಗಾಯ್ತು?" ಎಂದಳು.

ಅಜ್ಜಿಯ ಪ್ರಶ್ನೆ ಹಗುರವಾದುದಲ್ಲ. 1545ರಲ್ಲಿ ಮುಳುಗಿ 1982ರಲ್ಲಿ ಮೇಲಕ್ಕೆತ್ತಿದ ಇಂಗ್ಲೆಂಡಿನ ಮೇರಿ ರೋಸ್ ಹಡಗಿನಲ್ಲಿದ್ದವರ ಹೆಗಲ ಮೂಳೆಯ ತುದಿ ಅನೇಕರಲ್ಲಿ ಬೆಸೆದುಕೊಂಡಿರಲಿಲ್ಲ. ಬಿಲ್ಲು ಎಳೆದು ಎಳೆದು ಹಾಗಾಗಿರಬಹುದು ಎಂಬ ಊಹೆಗೆ ಬಲವಿದೆ, ಏಕೆಂದರೆ ಹಡಗಿನಲ್ಲಿ ಬಿಲ್ಲುಗಳೂ ಸಿಕ್ಕವು. ಬಿಲ್ಲು ಸಿಗದೆ ಬರೀ ಮೂಳೆ ಸಿಕ್ಕಿದ್ದರೆ? ಸ್ನಾಯು ಅಂಟಿಕೊಂಡ ಗುರುತುಗಳು ವಯಸ್ಸಾದಂತೆ ತಾವಾಗಿಯೇ ಒರಟಾಗುತ್ತವೆ, ಮೈಕಟ್ಟು ದೊಡ್ಡದಿದ್ದವರಲ್ಲಿ ಇನ್ನೂ ಎದ್ದು ಕಾಣುತ್ತವೆ. ಒರಟು ಗುರುತು ಕಂಡೊಡನೆ ಇವನು ಕಮ್ಮಾರ, ಇವಳು ಕುಂಬಾರಗಿತ್ತಿ ಎಂದು ಬರೆಯುವುದು ಆತುರದ ಕೆಲಸ.

ಇದಕ್ಕಿಂತ ಕೆಟ್ಟ ಆತುರವೂ ಈ ಶಾಸ್ತ್ರದ ಚರಿತ್ರೆಯಲ್ಲಿದೆ. 'ಯುಗಾಂತ' ಬರೆದ ಇರಾವತಿ ಕರ್ವೆ 1920ರ ದಶಕದ ಕೊನೆಯಲ್ಲಿ ಬರ್ಲಿನ್ನಿಗೆ ಓದಲು ಹೋದಾಗ, ಅವರ ಮಾರ್ಗದರ್ಶಕ ಓಯ್ಗೆನ್ ಫಿಷರ್ ತಲೆಬುರುಡೆಯ ಆಕಾರಕ್ಕೂ ಜನಾಂಗದ ಶ್ರೇಷ್ಠತೆಗೂ ಸಂಬಂಧವಿದೆಯೆಂದು ನಂಬಿದವನು. ಕರ್ವೆ ಬುರುಡೆಗಳನ್ನು ಅಳೆದರು. ಅಂಥ ಸಂಬಂಧ ಕಾಣಲಿಲ್ಲ. ಹಾಗೆಂದೇ ಪ್ರಬಂಧದಲ್ಲಿ ಬರೆದರು. ಪರದೇಶದಲ್ಲಿ, ಪದವಿ ಕೊಡಬೇಕಾದ ಗುರುವಿನ ಎದುರಿಗೇ ಇದನ್ನು ಬರೆಯಲು ಎಷ್ಟು ಎದೆ ಬೇಕು!

ಹುಡುಗಿಯ ಪಾಲಿಗೆ ಬಂದ ಪೆಟ್ಟಿಗೆಯಲ್ಲಿ ಸೊಂಟದ ಮೂಳೆಯ ಹಿಂದಿನ ಬಾಗು ಅಗಲವಾಗಿತ್ತು, ಎಂದರೆ ಬಹುಶಃ ಹೆಣ್ಣು. ಕೊರಳಿನ ಕೆಳಗಿನ ಮೂಳೆಯ ಒಳತುದಿ ಇನ್ನೂ ಪೂರ್ತಿ ಬೆಸೆದಿರಲಿಲ್ಲ. ದೇಹದಲ್ಲಿ ಎಲ್ಲಕ್ಕಿಂತ ತಡವಾಗಿ ಬೆಸೆಯುವ ತುದಿಗಳಲ್ಲಿ ಅದು ಒಂದು, ಪೂರ್ತಿಯಾಗಲು ಇಪ್ಪತ್ತರ ದಶಕದ ಕೊನೆಯಾಗಬಹುದು. ಇಪ್ಪತ್ತರ ಆಸುಪಾಸು ಎಂದು ಟಿಪ್ಪಣಿ ಪುಸ್ತಕದಲ್ಲಿ ಬರೆದ ಮೇಲೆ ಅವಳ ಪೆನ್ನು ನಿಂತಿತು. ಅವಳ ವಯಸ್ಸೂ ಅಷ್ಟೇ. ಭಾರತದಿಂದ ಮನುಷ್ಯರ ಅಸ್ಥಿಗಳನ್ನು ಹೊರದೇಶಗಳಿಗೆ ಮಾರುವ ವ್ಯಾಪಾರ ದಶಕಗಳ ಕಾಲ ನಡೆದು, 1985ರಲ್ಲಿ ಸರ್ಕಾರ ಅದನ್ನು ನಿಷೇಧಿಸಿತು. ಹಳೆಯ ಪೆಟ್ಟಿಗೆಗಳಲ್ಲಿರುವ ಎಷ್ಟೋ ಮೂಳೆಗಳು ಯಾರವೆಂದು ಯಾವ ದಾಖಲೆಯಲ್ಲೂ ಇಲ್ಲ. ಕೇಳುವವರಿಲ್ಲದ ಬಡವರವು ಎಂದಷ್ಟೇ ತಿಳಿಯಬೇಕು. ಅಂದಿನಿಂದ ಅವಳು ಬುರುಡೆಯನ್ನು ಎರಡೂ ಕೈಗಳಿಂದಲೇ ಎತ್ತುತ್ತಾಳೆ.

ತಂದೆಯ ಪ್ರಶ್ನೆ ಇನ್ನೂ ಉಳಿದಿದೆ. ಭಾರತೀಯ ಮಾನವವೈಜ್ಞಾನಿಕ ಸರ್ವೇಕ್ಷಣೆಯ ಕೇಂದ್ರವೊಂದು ಮೈಸೂರಿನಲ್ಲೇ ಇದೆ. ಅಪರಾಧ ತನಿಖೆಯಲ್ಲಿ ಸಿಕ್ಕ ಅಸ್ಥಿಯನ್ನು ಗುರುತಿಸುವ ಕೆಲಸ, ವಸ್ತುಸಂಗ್ರಹಾಲಯ, ಬೋಧನೆಗಳಿವೆ. ಹುದ್ದೆಗಳು ಕಡಿಮೆ, ಓದು ದೀರ್ಘ. ಅದನ್ನು ಮುಚ್ಚಿಡದೆ ಮನೆಯಲ್ಲಿ ಹೇಳಿಬಿಡುವುದೇ ಒಳ್ಳೆಯದು ಎಂದು ಅವಳು ಹೇಳಿಬಿಟ್ಟಳು. ತಂದೆ, "ಇನ್ನೆರಡು ವರ್ಷ ತಾನೆ, ಓದಮ್ಮ" ಎಂದರು.

ವರ್ಷದ ಕೊನೆಯ ಪ್ರಾಯೋಗಿಕ ತರಗತಿಯ ದಿನ ಮೂಳೆಗಳನ್ನು ಎಣಿಸಿ ಪೆಟ್ಟಿಗೆಗೆ ಇಡುವ ಸರದಿ ಅವಳದು. ಕಾಲಿನ ಕಿರುಬೆರಳಿನ ತುದಿಮೂಳೆ, ಬೇಳೆಕಾಳಿನಷ್ಟಿರುವುದು, ಒಂದು ಕಡಿಮೆ ಬಂತು. ಉಳಿದವರೂ ಬಸ್ಸು ಬಿಟ್ಟು ಹುಡುಕಿದರು. ಕತ್ತಲಾಗುವ ಹೊತ್ತಿಗೆ ಬೀರುವಿನ ಕಾಲಿನ ಹತ್ತಿರ ಅದು ಸಿಕ್ಕಿತು.