ಹದಿನೈದು ಸಾವಿರದ ರೇಸ್ ಸೈಕಲ್

"ಬೈಕ್ ಕಟ್ತಾ ಇದೀನಿ" ಅಂದಾಗ ಊರಲ್ಲಿ ಎಲ್ಲರೂ ಕೇಳಿದ್ದು ಒಂದೇ, "ಎಷ್ಟು ಸಿ.ಸಿ.?"

ಸಿ.ಸಿ. ಇಲ್ಲ, ತುಳಿಯೋದು ಅಂದೆ. "ತುಳಿಯೋಕೆ ಹದಿನೈದು ಸಾವಿರವಾ?" ಅಂತ ನಕ್ಕರು.

ರೋಡ್ ಬೈಕ್ ಅಂದರೆ ನಮ್ಮ ಕಡೆ ರೇಸ್ ಸೈಕಲ್ ಅನ್ನುತ್ತೇವಲ್ಲ, ಅದು. ತೆಳು ಟೈರು, ಹಗುರ ಮೈ, ಟಗರಿನ ಕೊಂಬಿನ ಹಾಗೆ ಕೆಳಕ್ಕೆ ಬಾಗಿದ ಹ್ಯಾಂಡಲ್. ಅಂಗಡಿಯಲ್ಲಿ ಹೊಸದು ಕೇಳಿದರೆ ನನ್ನ ಬಜೆಟ್ಟಿನ ಎರಡು ಮೂರು ಪಟ್ಟು ಹೇಳಿದರು. ಸುದ್ದಿಗಿಷ್ಟು ಎಂದು ದುಡ್ಡು ಬರುವ ನನ್ನಂಥವನಿಗೆ ಹದಿನೈದು ಸಾವಿರವೇ ಗಡಿ.

ಆಸೆ ಹುಟ್ಟಿದ್ದಕ್ಕೂ ಒಂದು ಸುದ್ದಿಯೇ ಕಾರಣ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್ 12ರಂದು ಉದ್ಘಾಟನೆ ಆಯಿತು. ಅದೇ ವರ್ಷ ಆಗಸ್ಟ್ 1ರಿಂದ ಅದರ ಮುಖ್ಯರಸ್ತೆಗೆ ಬೈಕು, ಆಟೊ, ಟ್ರ್ಯಾಕ್ಟರ್, ಸೈಕಲ್ ಯಾವುದೂ ಬರಬಾರದು ಎಂದಾಯಿತು. ಆ ಸುದ್ದಿ ಬರೆಯುವಾಗ ಇನ್ನೊಂದು ವಿಷಯ ಹೊಳೆಯಿತು. ಹೊಸ ರಸ್ತೆ ರಾಮನಗರ, ಚನ್ನಪಟ್ಟಣಗಳ ಹೊರಗೇ ಬಳಸಿಕೊಂಡು ಹೋಗುತ್ತದೆ. ಹಾಗಾದರೆ ಊರೊಳಗಿನ ಹಳೇ ರಸ್ತೆ ನಮಗೇ ಉಳಿಯಿತಲ್ಲ! ರಾಮನಗರದಿಂದ ಚನ್ನಪಟ್ಟಣಕ್ಕೆ ಸುಮಾರು 12 ಕಿಲೋಮೀಟರ್. ಪೆಟ್ರೋಲ್ ಯಾಕೆ ಸುಡಬೇಕು?

ಮೊದಲು ಕಣ್ಣು ಬಿದ್ದಿದ್ದು ಅಪ್ಪನ ಅಟ್ಲಾಸ್ ಮೇಲೆ. ಕ್ಯಾರಿಯರ್ ಮೇಲೆ ಗೂಡಿನ ಮೂಟೆ ಕಟ್ಟಿಕೊಂಡು ಅಪ್ಪ ರಾಮನಗರದ ರೇಷ್ಮೆಗೂಡು ಮಾರುಕಟ್ಟೆಗೆ ಹೋಗುತ್ತಿದ್ದ ಸೈಕಲ್ ಅದು. ಅಟ್ಲಾಸ್‌ನವರ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ನಿಂತುಹೋಯಿತು. ಅಪ್ಪನ ಸೈಕಲ್ ಮಾತ್ರ ನಿಂತಿಲ್ಲ. ಇದಕ್ಕೇ ತೆಳು ಟೈರು, ಬಾಗಿದ ಹ್ಯಾಂಡಲ್ ಹಾಕಿದರಾಯಿತು ಎಂದುಕೊಂಡು ಚನ್ನಪಟ್ಟಣದ ಸೈಕಲ್ ಶಾಪಿಗೆ ತಳ್ಳಿಕೊಂಡು ಹೋದೆ.

ಶಾಪಿನ ಭಾಯ್ ಟೈರಿನ ಪಕ್ಕದ ಅಕ್ಷರ ತೋರಿಸಿದರು. "28 ಅಂತ ಇದೆ ನೋಡಿ ಸಾರ್. ರೇಸ್ ಸೈಕಲ್‌ಗೂ ಕೆಲವರು 28 ಅಂತಾನೇ ಅಂತಾರೆ. ಎರಡೂ ಬೇರೆ."

ನಿಜ. ಅಪ್ಪನ ಸೈಕಲ್ಲಿನ ರಿಮ್ಮಿನಲ್ಲಿ ಟೈರು ಕೂರುವ ಜಾಗದ ಅಳತೆ 635 ಮಿಲಿಮೀಟರ್. ರೇಸ್ ಸೈಕಲ್ಲಿನದು 622. ಹದಿಮೂರು ಮಿಲಿಮೀಟರ್ ವ್ಯತ್ಯಾಸ, ಹಾಗಾಗಿ ಇದರ ಟೈರು ಅದಕ್ಕೆ ಕೂರುವುದೇ ಇಲ್ಲ. ಬ್ರೇಕಿನದ್ದೂ ಅದೇ ಕಥೆ. ಹಳೇ ರಾಡ್ ಬ್ರೇಕ್ ರಿಮ್ಮನ್ನು ಒಳಗಡೆಯಿಂದ ಒತ್ತುತ್ತದೆ, ಈಗಿನ ಬ್ರೇಕ್ ಪಕ್ಕದಿಂದ ಹಿಡಿಯುತ್ತದೆ. ನೀವೂ ಟೈರು ಕೊಳ್ಳುವಾಗ ಇಂಚು ನೋಡಬೇಡಿ. 32-622 ಎಂಬಂಥ ಸಣ್ಣ ಅಂಕಿ ಅಚ್ಚಾಗಿರುತ್ತದೆ, ಅದನ್ನು ನೋಡಿ.

"ಬಿಡಿ ಬಿಡಿ ಸಾಮಾನು ತಗೊಂಡ್ರೆ ನೀವು ಮುಳುಗ್ತೀರಿ. ಪೂರ್ತಿ ಸೈಕಲ್ ಹಳೇದು ತನ್ನಿ, ಬಿಚ್ಚೋಣ" ಎಂದರು ಭಾಯ್. ನನ್ನ ದುಡ್ಡು ಉಳಿಸಿದ ಮಾತು ಅದು.

ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ದೂಳು ಹಿಡಿದಿದ್ದ ಉಕ್ಕಿನ ಫ್ರೇಮಿನ ಗೇರ್ ಸೈಕಲ್ ಆರು ಸಾವಿರಕ್ಕೆ ಸಿಕ್ಕಿತು. ಚಕ್ರ 622ರದೇ. ಎಳನೀರು ಇಳಿಸಿ ಖಾಲಿ ಬರುತ್ತಿದ್ದ ಟೆಂಪೊಗೆ ಮುನ್ನೂರು ಕೊಟ್ಟು ತಂದೆ. ಟೈರು, ಟ್ಯೂಬು ಎರಡು ಸಾವಿರ. ಚೈನು, ಫ್ರೀವೀಲ್ ಸಾವಿರದ ನೂರು. ಕೇಬಲ್ಲು, ಬ್ರೇಕ್ ರಬ್ಬರ್ ಐನೂರು. ಬಾಗಿದ ಹ್ಯಾಂಡಲ್ಲು, ಅದಕ್ಕೆ ಸುತ್ತುವ ಟೇಪು ಸಾವಿರದ ನಾನ್ನೂರು.

ಹ್ಯಾಂಡಲ್ ಬದಲಾಯಿಸಿದ್ದೇ ತಡ, ಹಳೇ ಗೇರ್ ಹಿಡಿ ಅದಕ್ಕೆ ತೂರಲಿಲ್ಲ. ನೇರ ಹ್ಯಾಂಡಲ್ಲಿನ ಕೊಳವೆ 22.2 ಮಿಲಿಮೀಟರ್ ದಪ್ಪ, ಬಾಗಿದ್ದು 23.8. ಭಾಯ್ ತಮ್ಮ ಡಬ್ಬಿಯಲ್ಲಿ ಹುಡುಕಿ, ಫ್ರೇಮಿನ ಕೊಳವೆಗೆ ಕಟ್ಟುವ ಹಳೇ ಕಾಲದ ಗೇರ್ ಲಿವರ್ ಒಂದನ್ನು ನಾನ್ನೂರಕ್ಕೆ ಕೊಟ್ಟರು.

ತಪ್ಪು ಮಾಡಿದ್ದು ಬ್ರೇಕಿನಲ್ಲಿ. ಸೈಕಲ್ಲಿಗೆ ಮೊದಲೇ ವಿ-ಬ್ರೇಕ್ ಇತ್ತು. ಬಾಗಿದ ಹ್ಯಾಂಡಲ್ಲಿಗೆ ಏಳ್ನೂರು ರೂಪಾಯಿಯ ಅಗ್ಗದ ಬ್ರೇಕ್ ಹಿಡಿ ತರಿಸಿದೆ. "ಈ ಹಿಡಿ ಆ ಬ್ರೇಕಿಗೆ ಸಾಲಲ್ಲ ಅನ್ಸುತ್ತೆ ಸಾರ್" ಅಂದರು ಭಾಯ್. ನಾಲ್ಕು ವಿಡಿಯೊ ನೋಡಿದ್ದ ಪಂಡಿತ ನಾನು. "ಹಾಕಿ ಭಾಯ್, ಹಿಡಿಯುತ್ತೆ" ಎಂದೆ. ಶಾಪಿನ ಮುಂದೆ ಓಡಿಸಿದಾಗ ಹಿಡಿಯಿತು ಕೂಡ. ಕೂಲಿ ಸಾವಿರ ಕೊಟ್ಟು ಹೊರಟೆ.

ಮುಂದಿನ ಭಾನುವಾರ ಮಾಗಡಿ ಕಡೆ, ಮಂಚನಬೆಲೆ ಅಣೆಕಟ್ಟು ನೋಡಿಕೊಂಡು ಬರಲು ಹೋದೆ. ಒಂದು ಇಳಿಜಾರಿನ ತಿರುವಿನಲ್ಲಿ ಅಜ್ಜಿಯೊಬ್ಬರು ಕುರಿ ದಾಟಿಸುತ್ತಿದ್ದರು. ಎರಡೂ ಬ್ರೇಕ್ ಒತ್ತಿದೆ. ಹಿಡಿ ಹೋಗಿ ಹ್ಯಾಂಡಲ್ಲಿಗೆ ತಾಗಿತು, ಸೈಕಲ್ ನಿಲ್ಲಲಿಲ್ಲ. ಕೂಗಿಕೊಂಡು ಪಕ್ಕದ ರಾಗಿ ಹೊಲಕ್ಕೆ ನುಗ್ಗಿಸಿದೆ. ಮೊಣಕಾಲು, ಮೊಣಕೈ ತರಚಿ ರಕ್ತ. ಅಜ್ಜಿಗೂ ನನಗೂ ನಡುವೆ ಇದ್ದದ್ದು ಎರಡು ಮಾರು.

"ಯಾಕ್ಲಾ ಮಗಾ, ಬ್ರೇಕಿಲ್ದಿರೋ ಸೈಕಲ್ ತಂದಿದ್ದೀಯಾ?" ಅಂದರು.

ಬ್ರೇಕ್ ಇತ್ತು ಅಜ್ಜಿ, ಜೋಡಿ ಹೊಂದಿರಲಿಲ್ಲ. ಉದ್ದ ಹಾರೆಯಿಂದ ಕಲ್ಲು ಮೀಟುವುದನ್ನು ನೆನೆಸಿಕೊಳ್ಳಿ. ಕೈ ಒಂದು ಮೊಳ ಸರಿದರೆ ಕಲ್ಲು ಸರಿಯುವುದು ಬೆರಳಷ್ಟು. ವಿ-ಬ್ರೇಕಿನ ತೋಳು ಉದ್ದ, ಅದಕ್ಕೆ ಕೇಬಲ್ ಹೆಚ್ಚು ಎಳೆಯಬೇಕು. ರೇಸ್ ಸೈಕಲ್ಲಿನ ಹಿಡಿ ಎಳೆಯುವುದು ಕಡಿಮೆ. ರಬ್ಬರ್ ಸ್ವಲ್ಪ ಸವೆದರೂ ಸಾಕು, ಹಿಡಿ ಪೂರ್ತಿ ಒತ್ತಿದರೂ ರಿಮ್ಮಿಗೆ ಬಿಗಿ ಸಿಗುವುದಿಲ್ಲ. ಪರಿಹಾರ ಗಿಡ್ಡ ತೋಳಿನ ಮಿನಿ ವಿ-ಬ್ರೇಕ್. ಸಾವಿರದ ಇನ್ನೂರಕ್ಕೆ ತರಿಸಿದೆ. ಭಾಯ್ "ನಾನು ಹೇಳಿರಲಿಲ್ವಾ" ಎನ್ನಲಿಲ್ಲ. ಹಾಕಿಕೊಟ್ಟು, "ಈಗ ಇಳಿಜಾರಲ್ಲಿ ನೋಡ್ಕೊಂಡು ಬನ್ನಿ, ಆಮೇಲೆ ದುಡ್ಡು ಕೊಡಿ" ಎಂದರು.

ಬಿದ್ದಾಗ ಹ್ಯಾಂಡಲ್ಲಿನ ತುದಿಯ ಪ್ಲಾಸ್ಟಿಕ್ ಬಿರಡೆಗಳೂ ಹೋಗಿದ್ದವು. ಅವು ಅಂದಕ್ಕಲ್ಲ. ತೆರೆದ ಕೊಳವೆಯ ಮೇಲೆ ಬಿದ್ದರೆ ಹೊಟ್ಟೆಗೇ ಚುಚ್ಚಿಕೊಳ್ಳುತ್ತದೆ. ಹಿಂದೊಮ್ಮೆ ನಾನು ಸುದ್ದಿ ಬರೆದಿದ್ದ ಬೊಂಬೆ ಕುಶಲಕರ್ಮಿಯೊಬ್ಬರು ಹಾಲೆ ಮರದ ತುಂಡಿನಲ್ಲಿ ಎರಡು ಬಿರಡೆ ಕಡೆದು, ಅದೇ ಲೇತಿನ ಮೇಲೆ ಕೆಂಪು ಅರಗು ಹಿಡಿದು ಬಣ್ಣ ಹಾಕಿಕೊಟ್ಟರು. ದುಡ್ಡು ಮುಟ್ಟಲಿಲ್ಲ.

ಹೆಲ್ಮೆಟ್ಟನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ರಾಗಿ ಹೊಲದಿಂದ ಎದ್ದ ಮೇಲೆ ಅದಕ್ಕೂ ಸಾವಿರದ ಇನ್ನೂರು ಕೊಟ್ಟೆ. ಒಟ್ಟು 15,800. ಗಡಿ ದಾಟಿದ್ದು ಎಂಟುನೂರು. ವ್ಯರ್ಥವಾದದ್ದು ಯಾವುದು ಗೊತ್ತೆ? ಬಾಗಿದ ಹ್ಯಾಂಡಲ್ಲಿನ ಆಸೆ. ಹ್ಯಾಂಡಲ್ಲು, ಬ್ರೇಕ್ ಹಿಡಿ, ಗೇರ್ ಲಿವರ್, ಮಿನಿ ಬ್ರೇಕ್ ಸೇರಿ 3,700 ರೂಪಾಯಿ. ನೇರ ಹ್ಯಾಂಡಲ್ಲೇ ಇಟ್ಟುಕೊಂಡಿದ್ದರೆ ಅಷ್ಟೂ ಉಳಿಯುತ್ತಿತ್ತು, ಅಜ್ಜಿಯನ್ನೂ ಹೆದರಿಸುತ್ತಿರಲಿಲ್ಲ. ನೀವು ಕಟ್ಟುವುದಾದರೆ ಮೈಗೆ ಹೊಂದುವ ಫ್ರೇಮು, ಒಳ್ಳೇ ಟೈರು, ಜೋಡಿ ಹೊಂದುವ ಬ್ರೇಕು, ಹೆಲ್ಮೆಟ್ಟು ಇವಕ್ಕೆ ಮೊದಲು ದುಡ್ಡು ಎತ್ತಿಡಿ. ಕೊಂಬು ಆಮೇಲೆ.

ಈಗ ವಾರಕ್ಕೆ ಮೂರು ದಿನ ಹಳೇ ರಸ್ತೆಯಲ್ಲಿ ಸೈಕಲ್ ಮೇಲೇ ಸುದ್ದಿಗೆ ಹೋಗುತ್ತೇನೆ. ಕನಕಪುರಕ್ಕೂ ಒಮ್ಮೆ ಹೋಗಿಬಂದೆ, ಮರುದಿನ ಕಾಲು ಮಾತು ಕೇಳಲಿಲ್ಲ.

ಸೈಕಲ್ ಮನೆಗೆ ತಂದ ದಿನ ಅಪ್ಪ ಸುತ್ತ ಒಂದು ಸಲ ನಡೆದು ನೋಡಿದರು. ಒಂದೇ ಕೈಯಲ್ಲಿ ಎತ್ತಿ ಇಳಿಸಿದರು.

"ಎಲ್ಲಾ ಸರಿ ಕಣಪ್ಪಾ, ಕ್ಯಾರಿಯರ್ ಎಲ್ಲಿ?"

ಫ್ರೇಮಿನಲ್ಲಿ ಅದಕ್ಕೆ ತೂತು ಇದೆ. ಮುಂದಿನ ತಿಂಗಳ ದುಡ್ಡು ಬಂದರೆ ಹಾಕಿಸಬೇಕು.